11 ಸಾವಿರ ಡಾಲರ್‌ಗೆ ಪೋರ್ಶೆ ಸಿಗುತ್ತಿದೆ, ತಗೊಳ್ಳಬಹುದಾ?

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. ಅಮೆರಿಕಾದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿ ಅನ್ನೋ ಊರಲ್ಲಿ ಕೆಲಸ ಮಾಡುತ್ತಾನೆ. ದನಿಯಲ್ಲೇ ಗಡಿಬಿಡಿ ಗೊತ್ತಾಗುತ್ತಿತ್ತು.

"ಮಾಮ, 2001ರ ಪೋರ್ಶೆ ಬಾಕ್ಸ್‌ಟರ್ ಒಂದಿದೆ. 78 ಸಾವಿರ ಮೈಲಿ ಓಡಿದೆ. 11 ಸಾವಿರ ಡಾಲರ್ ಹೇಳ್ತಿದ್ದಾರೆ. ಹೊಸ ಕ್ಯಾಮ್ರಿಗಿಂತ ಎಷ್ಟೋ ಕಮ್ಮಿ. ತಗೊಂಡುಬಿಡ್ಲಾ?"

ಬೇಡ ಅನ್ನಲಿಲ್ಲ. ತಗೋ ಅಂತಲೂ ಅನ್ನಲಿಲ್ಲ. ಎರಡು ದಿನ ತಡಿ, ಕೂತು ಮಾತಾಡೋಣ ಅಂದೆ. ಆಮೇಲೆ ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಯಾಕಂದ್ರೆ ಈ ಪ್ರಶ್ನೆ ಅವನೊಬ್ಬನದಲ್ಲ. ಚಿಕ್ಕಂದಿನಲ್ಲಿ ಗೋಡೆಗೆ ಕಾರಿನ ಪೋಸ್ಟರ್ ಅಂಟಿಸಿದ್ದ ನಮ್ಮ ಹುಡುಗರು, ಹುಡುಗಿಯರು ಈಗ ಅಲ್ಲಿ ದುಡಿಯುತ್ತಿದ್ದಾರೆ. ಪೋಸ್ಟರಿನ ಕಾರು ಈಗ ಕೈಗೆಟಕುವ ಬೆಲೆಗೆ ಬಂದಿದೆ. ಆಸೆ ಆಗದೆ ಇರುತ್ತದಾ?

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಎರಡೇ ಸೀಟಿನ, ಬಟ್ಟೆಯ ಛಾವಣಿ ಮಡಚುವ ಈ ಜರ್ಮನ್ ಸ್ಪೋರ್ಟ್ಸ್ ಕಾರು ಹೊಸದಾಗಿದ್ದಾಗ ಅಮೆರಿಕಾದಲ್ಲಿ ಅದರ ಬೆಲೆ 40 ಸಾವಿರ ಡಾಲರ್ ದಾಟಿತ್ತು. ಈಗ 11 ಸಾವಿರ. ಇಳಿದಿರುವುದು ಕಾರಿನ ಬೆಲೆ ಮಾತ್ರ. ಅದರ ಕ್ಲಚ್, ಬ್ರೇಕ್ ಡಿಸ್ಕ್, ವಾಟರ್ ಪಂಪ್, ಅದನ್ನು ಬಿಚ್ಚಿ ಜೋಡಿಸುವ ಮೆಕಾನಿಕ್‌ನ ಕೂಲಿ ಯಾವುದೂ ಇಳಿದಿಲ್ಲ. ಅವೆಲ್ಲ ಇವತ್ತಿಗೂ 40 ಸಾವಿರದ ಕಾರಿನ ಲೆಕ್ಕದಲ್ಲೇ ಇವೆ. ಊರಲ್ಲಿ ಹಳೇ ತೊಟ್ಟಿಮನೆ ಅಗ್ಗಕ್ಕೆ ಸಿಗುತ್ತದಲ್ಲ, ಹಾಗೆಯೇ ಇದು. ಮನೆ ಅಗ್ಗ. ಆದರೆ ಜಂತಿ ಬದಲಿಸಬೇಕಾದಾಗ ಮರದ ಅಂಗಡಿಯವನು ಅಗ್ಗದ ಮರ ಕೊಡುವುದಿಲ್ಲ. ಆ ಕೆಲಸ ಬಲ್ಲ ಆಚಾರಿಯನ್ನು ಹುಡುಕಿಕೊಂಡು ಹೋಗಬೇಕು.

ಇದೊಂದು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಇಂಪೋರ್ಟೆಡ್ ಅಂದ್ರೆ ಯಾವ ಇಂಪೋರ್ಟೆಡ್?

ಅಮೆರಿಕಾದಲ್ಲಿ ಹಳೇ ಇಂಪೋರ್ಟೆಡ್ ಸ್ಪೋರ್ಟ್ಸ್ ಕಾರು ಅಂದಾಗ ಎರಡು ಬಗೆ ಇವೆ. ಒಂದು, ಹೊರದೇಶದಲ್ಲಿ ತಯಾರಾದರೂ ಅಮೆರಿಕಾದ ಶೋರೂಮಿನಲ್ಲೇ ಹೊಸದಾಗಿ ಮಾರಾಟವಾಗಿದ್ದು. ಬಾಕ್ಸ್‌ಟರ್, ಮಾಜ್ದಾದ ಮಿಯಾಟಾ ಈ ಗುಂಪಿನವು. ಅಲ್ಲಿನ ಸುರಕ್ಷತೆಯ ಕಾನೂನು, ಹೊಗೆಯ ಕಾನೂನು ಎರಡನ್ನೂ ಪಾಸು ಮಾಡಿಯೇ ಬಂದಿರುತ್ತವೆ. ಬಿಡಿಭಾಗ ಸಿಗುತ್ತದೆ, ಕೆಲಸ ಗೊತ್ತಿರುವವರು ಸಿಗುತ್ತಾರೆ.

ಇನ್ನೊಂದು, ಅಮೆರಿಕಾದಲ್ಲಿ ಎಂದೂ ಮಾರಾಟವಾಗದೆ, ಹಳೆಯದಾದ ಮೇಲೆ ಹಡಗು ಹತ್ತಿ ಬಂದಿದ್ದು. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಇದಕ್ಕೆ ಒಳ್ಳೆಯ ಉದಾಹರಣೆ. 1988ರಲ್ಲಿ ಅಮೆರಿಕಾ ಹೊರಗಿನ ಕಾರು ತರಿಸುವ ಕಾನೂನನ್ನು ಬಿಗಿ ಮಾಡಿತು. ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದದ ಗಾಡಿ ತಯಾರಾಗಿ 25 ವರ್ಷ ತುಂಬಬೇಕು, ಆಮೇಲೆಯೇ ಸಲೀಸಾಗಿ ತರಬಹುದು. ಹೊಗೆಯ ನಿಯಮಕ್ಕೆ 21 ವರ್ಷ. 1989ರಲ್ಲಿ ಬಂದ ಆರ್32 ಸ್ಕೈಲೈನ್‌ಗೆ ಬಾಗಿಲು ತೆರೆದದ್ದು 2014ರಲ್ಲಿ. 1999ರ ಆರ್34ಕ್ಕೆ 2024ರಲ್ಲಿ. ವರ್ಷ ತುಂಬುತ್ತಾ ಬಂದ ಹಾಗೆ ಬೆಲೆಯೂ ಏರಿತು. ಒಳ್ಳೆಯ ಆರ್34 ಜಿಟಿ-ಆರ್ ಈಗ 1 ಲಕ್ಷ ಡಾಲರ್ ಮೀರಿದ ಮಾತು.

ಈ ಎರಡನೇ ಬಗೆಯಲ್ಲಿ, ಜಪಾನಿನಿಂದ ಬಂದ ಕಾರುಗಳಿಗೆ ಸ್ಟೀರಿಂಗ್ ಬಲಗಡೆ ಇರುತ್ತದೆ. ನಮ್ಮಲ್ಲಿ ಕಾರು ಕಲಿತವರಿಗೆ ಅದು ಹೊಸದಲ್ಲ, ಕೈಗೆ ಹಳೇ ನೆನಪು ಬಂದ ಹಾಗಾಗುತ್ತದೆ. ಆದರೆ ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ. ಎರಡು ಲೇನಿನ ರಸ್ತೆಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡರೆ ಮುಂದೆ ಏನು ಬರುತ್ತಿದೆ ಅಂತ ಕಾಣುವುದೇ ಇಲ್ಲ. ಪಕ್ಕದಲ್ಲಿ ಕೂತವರನ್ನು ಕೇಳಿಕೊಂಡು ಓವರ್‌ಟೇಕ್ ಮಾಡಬೇಕು. ಮೊದಲ ಸಲ ಹಳೇ ಸ್ಪೋರ್ಟ್ಸ್ ಕಾರು ಕೊಳ್ಳುವವರಿಗೆ ನಾನು ಇದನ್ನು ಹೇಳುವುದಿಲ್ಲ. ಹಾಗಾಗಿ ಇನ್ನು ಮುಂದೆ ಮಾತು ಪೂರ್ತಿ ಬಾಕ್ಸ್‌ಟರ್ ಬಗ್ಗೆ.

ಕಷ್ಟದಲ್ಲಿ ಹುಟ್ಟಿದ ಕಾರು

1990ರ ದಶಕದ ಶುರುವಿನಲ್ಲಿ ಪೋರ್ಶೆ ಕಂಪನಿ ಮುಚ್ಚುವ ಹಂತಕ್ಕೆ ಬಂದಿತ್ತು. 1986ರ ಸುಮಾರಿಗೆ ವರ್ಷಕ್ಕೆ 50 ಸಾವಿರದಷ್ಟು ಕಾರು ಮಾರುತ್ತಿದ್ದವರು 1993ರ ಹೊತ್ತಿಗೆ 15 ಸಾವಿರದೊಳಗೆ ಇಳಿದಿದ್ದರು. ಆಗ ವೆಂಡೆಲಿನ್ ವೀಡೆಕಿಂಗ್ ಕಂಪನಿಯ ಹೊಣೆ ಹೊತ್ತರು. ಟೊಯೋಟಾದಲ್ಲಿ ಪಳಗಿದ್ದ ಜಪಾನೀ ಎಂಜಿನಿಯರುಗಳನ್ನು ಕರೆಸಿ, ಕಾರ್ಖಾನೆಯಲ್ಲಿ ಸಮಯ ಮತ್ತು ಸಾಮಾನು ಎಲ್ಲಿ ಪೋಲಾಗುತ್ತಿದೆ ಅಂತ ಹುಡುಕಿಸಿದರು. ಅದೇ ಹೊತ್ತಿಗೆ ಎರಡು ಕಾರುಗಳನ್ನು ಒಟ್ಟಿಗೆ ರೂಪಿಸಿದರು. ಒಂದು ಅಗ್ಗದ ಬಾಕ್ಸ್‌ಟರ್, ಒಳಗಿನ ಹೆಸರು 986. ಇನ್ನೊಂದು ದುಬಾರಿ 911, ಅದರ ಒಳಗಿನ ಹೆಸರು 996. ಬಾಗಿಲು, ಬಾನೆಟ್, ಹೆಡ್‌ಲೈಟ್, ಮುಂದಿನ ಭಾಗದ ಬಹುಪಾಲು ಎರಡಕ್ಕೂ ಒಂದೇ.

ಇದು ಇವತ್ತು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ದೊಡ್ಡ ಅನುಕೂಲ. ಎರಡು ಮಾದರಿ ಸೇರಿ ರಸ್ತೆಗೆ ಬಂದ ಕಾರುಗಳ ಸಂಖ್ಯೆ ದೊಡ್ಡದು. ಬಿಡಿಭಾಗ ಮಾಡುವ ಹೊರಗಿನ ಕಂಪನಿಗಳು ಹುಟ್ಟಿಕೊಂಡವು. ಗುಜರಿಯಲ್ಲೂ ಮಾಲು ಸಿಗುತ್ತದೆ. ಬೇಡಿಕೆ ಜಾಸ್ತಿಯಾಗಿ ಜರ್ಮನಿಯ ಕಾರ್ಖಾನೆ ಸಾಲದೆ, 1997ರಿಂದ ಫಿನ್ಲೆಂಡಿನ ಊಸಿಕೌಪುಂಕಿ ಊರಿನ ವಾಲ್ಮೆಟ್ ಕಾರ್ಖಾನೆಯಲ್ಲೂ ಬಾಕ್ಸ್‌ಟರ್ ಜೋಡಿಸಿದರು. ಚಾಸಿಸ್ ನಂಬರಿನ 11ನೇ ಅಕ್ಷರ ನೋಡಿ. ಯು ಇದ್ದರೆ ಫಿನ್ಲೆಂಡಿನದು, ಎಸ್ ಇದ್ದರೆ ಸ್ಟುಟ್‌ಗಾರ್ಟಿನದು. ಗುಣದಲ್ಲಿ ವ್ಯತ್ಯಾಸ ಇಲ್ಲ, ಆದರೆ ನಿಮ್ಮ ಕಾರು ಹುಟ್ಟಿದ ಊರು ಗೊತ್ತಿದ್ದರೆ ಚೆನ್ನ ಅಲ್ವಾ?

ಖರ್ಚು ಉಳಿಸುವ ಈ ಹುಮ್ಮಸ್ಸಿಗೆ ಇನ್ನೊಂದು ಮುಖವೂ ಇತ್ತು. ಒಳಗೆ ಸಾಧಾರಣ ಪ್ಲಾಸ್ಟಿಕ್ ಬಂತು. ಗಾಳಿಯಿಂದ ತಣಿಯುತ್ತಿದ್ದ ಹಳೇ ಎಂಜಿನ್ ಹೋಗಿ, ನೀರಿನಿಂದ ತಣಿಯುವ ಹೊಸ ಎಂಜಿನ್ ಬಂತು. ಎಂ96 ಅಂತ ಅದರ ಹೆಸರು. ಈ ಎಂಜಿನ್ ಒಳಗೆ ಒಂದು ಸಣ್ಣ ಬೇರಿಂಗ್ ಇದೆ. ಈ ಕಾರಿನ ಬೆಲೆ ಇಷ್ಟು ಇಳಿದಿರುವುದಕ್ಕೆ ಅದೂ ಒಂದು ದೊಡ್ಡ ಕಾರಣ.

ಒಂದು ಬೇರಿಂಗಿನ ಕಥೆ

ಇದನ್ನು ನಿಧಾನವಾಗಿ ಹೇಳುತ್ತೇನೆ. ಯಾಕಂದ್ರೆ ಇದರ ಹೆಸರು ಕೇಳಿ ಹೆದರಿ ಓಡಿದವರೂ ಇದ್ದಾರೆ, ಇದನ್ನು ಲೆಕ್ಕಕ್ಕೇ ತಗೊಳ್ಳದೆ ಕೈ ಸುಟ್ಟುಕೊಂಡವರೂ ಇದ್ದಾರೆ.

ಬಾಕ್ಸ್‌ಟರ್ ಎಂಜಿನ್‌ನಲ್ಲಿ 6 ಸಿಲಿಂಡರ್. ನಿಂತಿರುವುದಿಲ್ಲ, ಮಲಗಿರುತ್ತವೆ. ಎಡಗಡೆ 3, ಬಲಗಡೆ 3, ನಡುವೆ ಕ್ರ್ಯಾಂಕ್‌ಶಾಫ್ಟ್, ಅಂದರೆ ಸಿಲಿಂಡರ್ ಒಳಗೆ ಹೋಗಿಬರುವ ಪಿಸ್ಟನ್‌ಗಳು ತಿರುಗಿಸುವ ದಂಡ. ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳು ಎರಡೂ ಕೊನೆಯಲ್ಲಿವೆ. ಅವನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್‌ಗಳೂ ಅಲ್ಲೇ ಇವೆ. ನಡುವಿನ ಕ್ರ್ಯಾಂಕ್‌ಶಾಫ್ಟ್ ತಿರುಗಿದ ಲೆಕ್ಕಕ್ಕೆ ಸರಿಯಾಗಿ ಎರಡೂ ಕಡೆಯ ಕ್ಯಾಮ್‌ಶಾಫ್ಟ್ ತಿರುಗಬೇಕು. ಈ ತಾಳ ಮುಟ್ಟಿಸುವುದಕ್ಕೆ ಕ್ರ್ಯಾಂಕ್‌ಶಾಫ್ಟ್‌ನ ಕೆಳಗೆ ಇನ್ನೊಂದು ಶಾಫ್ಟ್ ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್, ಚಿಕ್ಕದಾಗಿ ಐಎಂಎಸ್. ನಡುವಿನ ಕೊಂಡಿ ಅನ್ನಬಹುದು. ಕ್ರ್ಯಾಂಕ್‌ಶಾಫ್ಟ್ ಚೈನಿನ ಮೂಲಕ ಇದನ್ನು ತಿರುಗಿಸುತ್ತದೆ. ಇದು ತನ್ನ ಎರಡು ತುದಿಯ ಚೈನುಗಳಿಂದ ಎರಡೂ ಕಡೆಯ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುತ್ತದೆ.

ಶಾಫ್ಟ್ ತಿರುಗಬೇಕಾದರೆ ತುದಿಗೆ ಆಸರೆ ಬೇಕು. ಹಳೇ ಪೋರ್ಶೆ ಎಂಜಿನ್‌ಗಳಲ್ಲಿ ಈ ಆಸರೆ ಸಾದಾ ಬುಷ್ ಬೇರಿಂಗ್, ಅಂದರೆ ಗುಂಡುಗಳಿಲ್ಲದ ಲೋಹದ ಬಳೆ. ಎಂಜಿನ್ ಆಯಿಲ್ ಒತ್ತಡದಲ್ಲಿ ಬಂದು ಅದನ್ನು ಸದಾ ತೋಯಿಸುತ್ತಿತ್ತು. ಎಂ96 ಎಂಜಿನ್‌ನಲ್ಲಿ ಗೇರ್‌ಬಾಕ್ಸ್ ಕಡೆಯ ತುದಿಗೆ ಬಾಲ್ ಬೇರಿಂಗ್ ಹಾಕಿದರು. ಸೈಕಲ್ ಚಕ್ರದ ಗುಂಡುಗಳು ನೆನಪಿದೆಯಲ್ಲ, ಅದೇ ಜಾತಿ. ಒಳಗೆ ಗ್ರೀಸ್ ತುಂಬಿ, ಎರಡೂ ಕಡೆ ಸೀಲ್ ಮಾಡಿ ಕೂರಿಸಿದರು.

ತೊಂದರೆ ಶುರುವಾಗುವುದು ಆ ಸೀಲ್‌ನಿಂದ. ವರ್ಷಗಟ್ಟಲೆ ಬಿಸಿಗೆ ಸೀಲ್ ಗಟ್ಟಿಯಾಗುತ್ತದೆ. ಎಂಜಿನ್ ಆಯಿಲ್ ಒಳಗೆ ಜಿನುಗಿ ಗ್ರೀಸನ್ನು ತೊಳೆದುಹಾಕುತ್ತದೆ. ಆದರೆ ಹೊಸ ಆಯಿಲ್ ಧಾರಾಳವಾಗಿ ಬಂದು ಹೋಗುವಷ್ಟು ದಾರಿಯೂ ಇಲ್ಲ. ಹಳೇ ಆಯಿಲ್ ಅಲ್ಲೇ ನಿಲ್ಲುತ್ತದೆ. ಗ್ರೀಸೂ ಇಲ್ಲ, ಒಳ್ಳೆಯ ಆಯಿಲೂ ಇಲ್ಲ. ಗುಂಡುಗಳು ಸವೆಯುತ್ತವೆ. ಶಾಫ್ಟ್ ಅಲುಗಾಡುತ್ತದೆ. ಒಂದು ದಿನ ಬೇರಿಂಗ್ ಪುಡಿಯಾದರೆ ತಾಳ ತಪ್ಪುತ್ತದೆ. ಮುಚ್ಚಿರಬೇಕಾದ ವಾಲ್ವ್ ತೆರೆದಿದ್ದಾಗಲೇ ಪಿಸ್ಟನ್ ಬಂದು ಅದಕ್ಕೆ ಗುದ್ದುತ್ತದೆ. ಪುಡಿಯಾದ ಕಬ್ಬಿಣದ ಚೂರು ಆಯಿಲ್ ಜೊತೆ ಎಂಜಿನ್ ತುಂಬಾ ಓಡಾಡುತ್ತದೆ. ಅಷ್ಟಕ್ಕೆ ಮುಗಿಯಿತು. ಅಂಥ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಲು 15 ಸಾವಿರ ಡಾಲರ್ ದಾಟುತ್ತದೆ. ಅಂದರೆ ಕಾರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ.

ಈಗ ವರ್ಷಗಳ ಲೆಕ್ಕ. ಮೊದಲ ಕೆಲವು ವರ್ಷ, ಸುಮಾರು 1999ರವರೆಗೆ, ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. ಅದು ಗಟ್ಟಿ. 2000ದ ಮಾದರಿಯ ನಡುವಿನಿಂದ 2005ರವರೆಗೆ ಒಂದೇ ಸಾಲಿನ ಚಿಕ್ಕ ಬೇರಿಂಗ್. ಜಾಸ್ತಿ ಕೆಟ್ಟಿದ್ದು ಇದೇ. 2001ರಿಂದ 2005ರ ಮಾದರಿಗಳ ಮಾಲೀಕರು ಒಟ್ಟಾಗಿ ಅಮೆರಿಕಾದಲ್ಲಿ ಕೇಸು ಹಾಕಿದರು. 2013ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಆ ಕೇಸಿನ ಹೊತ್ತಿಗೆ ಹೊರಬಂದ ಲೆಕ್ಕದಲ್ಲೂ ಒಂದೇ ಸಾಲಿನ ಬೇರಿಂಗ್ ಕೆಟ್ಟ ಕಾರುಗಳು 100ರಲ್ಲಿ 10ಕ್ಕಿಂತ ಕಡಿಮೆ. ಅಂದರೆ 90ಕ್ಕೂ ಹೆಚ್ಚು ಕಾರುಗಳು ಏನೂ ಆಗದೆ ಓಡಿವೆ. ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಆದರೆ ಕೆಟ್ಟಾಗ ಆಗುವ ನಷ್ಟ ಅಷ್ಟು ದೊಡ್ಡದಾಗಿರುವುದರಿಂದ ಹೆದರಿಕೆ ಸುಳ್ಳೂ ಅಲ್ಲ.

ಮೆಕಾನಿಕ್‌ಗಳು ಹೇಳುವ ಇನ್ನೊಂದು ಮಾತನ್ನು ಕೇಳಿಸಿಕೊಳ್ಳಿ. ಜಾಸ್ತಿ ಓಡಿದ ಕಾರಿಗಿಂತ ಸುಮ್ನೆ ನಿಲ್ಲಿಸಿದ ಕಾರಿನಲ್ಲಿ ಈ ಬೇರಿಂಗ್ ಬೇಗ ಕೆಡುತ್ತದಂತೆ. ನಿಂತ ಕಾರಿನಲ್ಲಿ ಆಯಿಲ್‌ಗೆ ತೇವ ಸೇರುತ್ತದೆ, ಗುಂಡುಗಳು ಒಂದೇ ಜಾಗದಲ್ಲಿ ಕೂತಿರುತ್ತವೆ. ಹಾಗಾಗಿ 20 ವರ್ಷದಲ್ಲಿ 25 ಸಾವಿರ ಮೈಲಿ ಮಾತ್ರ ಓಡಿದೆ, ಮದುವಣಗಿತ್ತಿ ಹಾಗಿದೆ ಅಂತ ಯಾರಾದರೂ ತೋರಿಸಿದರೆ ಖುಷಿಪಡುವ ಮುಂಚೆ ಆಯಿಲ್ ಬದಲಿಸಿದ ಬಿಲ್ಲು ಕೇಳಿ. ಕ್ರಮವಾಗಿ ಆಯಿಲ್ ಬದಲಿಸುತ್ತಾ 90 ಸಾವಿರ ಮೈಲಿ ಓಡಿಸಿದ ಕಾರನ್ನು ನಾನು ಅದಕ್ಕಿಂತ ಮೇಲೆ ಇಡುತ್ತೇನೆ.

ಪರಿಹಾರ ಇದೆ. ಹಳೇ ಬೇರಿಂಗ್ ತೆಗೆದು ಗಟ್ಟಿ ಬೇರಿಂಗ್ ಹಾಕುವ ಕಿಟ್‌ಗಳು ಬಂದಿವೆ. ಕೆಲವು ಸೆರಾಮಿಕ್ ಗುಂಡಿನವು. ಕೆಲವು ಹಳೇ ಪದ್ಧತಿಗೇ ಮರಳಿ, ಒತ್ತಡದ ಆಯಿಲ್ ಹಾಯಿಸುವ ಬುಷ್‌ಗಳು. ಬೇರಿಂಗ್ ಇರುವ ಜಾಗ ಕ್ಲಚ್‌ನ ಹಿಂದೆ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಬದಲಿಸಲೂ ಗೇರ್‌ಬಾಕ್ಸ್ ಇಳಿಸಲೇಬೇಕು. ಹಾಗಾಗಿ ಜಾಣರು ಎರಡನ್ನೂ ಒಂದೇ ಸಲ ಮಾಡಿಸುತ್ತಾರೆ. ಅಲ್ಲೇ ಇರುವ ಕ್ರ್ಯಾಂಕ್‌ಶಾಫ್ಟ್‌ನ ಆಯಿಲ್ ಸೀಲನ್ನೂ ಆಗಲೇ ಬದಲಿಸಿಬಿಡುತ್ತಾರೆ. ಅದೂ ಜಿನುಗುವ ಸ್ವಭಾವದ್ದೇ. ಎಲ್ಲ ಸೇರಿ 2,500ರಿಂದ 4,000 ಡಾಲರ್ ಆಗಬಹುದು. ಊರು, ಅಂಗಡಿ ನೋಡಿಕೊಂಡು ಹೆಚ್ಚು ಕಮ್ಮಿ.

ಈ ಕೆಲಸ ಮಾಡಿಸಿದ ಬಿಲ್ಲು ಇರುವ ಕಾರಿಗೆ 3 ಸಾವಿರ ಡಾಲರ್ ಜಾಸ್ತಿ ಕೇಳಿದರೆ ಕೊಡಿ. ಕಣ್ಣು ಮುಚ್ಚಿಕೊಂಡು ಕೊಡಿ ಅನ್ನಲ್ಲ, ಬಿಲ್ಲು ಓದಿಕೊಂಡು ಕೊಡಿ.

ರಬ್ಬರು, ಪ್ಲಾಸ್ಟಿಕ್, ನೀರು

ಬೇರಿಂಗ್ ವಿಷಯಕ್ಕೆ ಎಲ್ಲರೂ ಹೆದರುತ್ತಾರೆ. ನಿಜವಾಗಿ ಜೇಬು ಖಾಲಿ ಮಾಡುವುದು ಬೇರೆ. 20-25 ವರ್ಷವಾದ ಮೇಲೆ ಕಬ್ಬಿಣಕ್ಕಿಂತ ಮೊದಲು ಸೋಲುವುದು ರಬ್ಬರು ಮತ್ತು ಪ್ಲಾಸ್ಟಿಕ್. ಇವು ಮೈಲಿ ನೋಡಿ ಹಾಳಾಗುವುದಿಲ್ಲ, ವಯಸ್ಸು ನೋಡಿ ಹಾಳಾಗುತ್ತವೆ.

ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ತುಂಬುವ ಪ್ಲಾಸ್ಟಿಕ್ ಟ್ಯಾಂಕ್ ಹಿಂದಿನ ಡಿಕ್ಕಿಯಲ್ಲಿದೆ. ಅದು ಬಿರುಕು ಬಿಡುವುದು ಸಾಮಾನ್ಯ. ಡಿಕ್ಕಿಯ ಕಾರ್ಪೆಟ್ ಎತ್ತಿ ಕೈ ಒತ್ತಿ ನೋಡಿ. ತೇವ ಇದ್ದರೆ, ಸಿಹಿ ವಾಸನೆ ಬಂದರೆ ಟ್ಯಾಂಕ್ ಹೋಗಿದೆ ಅಂತ. ಎಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಹನಿಗಳನ್ನು ಬೇರೆ ಮಾಡುವ ಪ್ಲಾಸ್ಟಿಕ್ ಡಬ್ಬಿ ಒಂದಿದೆ. ಒಳಗಿನ ಪೊರೆ ಹರಿದರೆ ಸ್ಟಾರ್ಟ್ ಮಾಡಿದಾಗ ಹಿಂದೆ ಬಿಳಿ ಹೊಗೆಯ ಮೋಡವೇ ಏಳುತ್ತದೆ. ಮಲಗಿದ ಎಂಜಿನ್ ಆದ್ದರಿಂದ ಬೆಳಗ್ಗೆ ಒಂದು ಚಿಟಿಕೆ ಹೊಗೆ ಬಂದರೆ ಹೆದರಬೇಡಿ, ಅದು ಅದರ ಗುಣ. ಮೋಡ ಎದ್ದರೆ ಮಾತ್ರ ಚಿಂತೆ.

ಮೇಲಿನ ಬಟ್ಟೆಯ ಛಾವಣಿಗೆ 2002ರವರೆಗೆ ಹಿಂದಿನ ಕಿಟಕಿ ಪ್ಲಾಸ್ಟಿಕ್‌ದು. ಚಳಿಯಲ್ಲಿ ಮಡಚಿದರೆ ಸೀಳುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. 2003ರಿಂದ ಗಾಜಿನ ಕಿಟಕಿ ಬಂತು. ಛಾವಣಿಯ ಮೇಲೆ ಬಿದ್ದ ಮಳೆನೀರು ಇಳಿದುಹೋಗಲು ಎರಡೂ ಪಕ್ಕದಲ್ಲಿ ಸಣ್ಣ ತೂತುಗಳಿವೆ. ಎಲೆ, ಕಸ ತುಂಬಿ ಅವು ಕಟ್ಟಿಕೊಂಡರೆ ನೀರು ಕಾರಿನ ಒಳಗೆ ಇಳಿಯುತ್ತದೆ. ಎಲ್ಲಿಗೆ? ಡ್ರೈವರ್ ಸೀಟಿನ ಕೆಳಗೆ. ಅಲ್ಲಿ ಏನಿದೆ? ಬೀಗ, ಅಲಾರಂ, ಕಾರು ಸ್ಟಾರ್ಟ್ ಆಗಲು ಅನುಮತಿ ಕೊಡುವ ಕಂಪ್ಯೂಟರ್ ಡಬ್ಬಿ. ಅದು ನೆನೆದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ವರ್ಷಕ್ಕೆರಡು ಸಲ ಒಂದು ಮೆತ್ತನೆ ವೈರ್ ಹಾಕಿ ಆ ತೂತು ಬಿಡಿಸಿದರೆ ಸಾಕು, 10 ನಿಮಿಷದ ಕೆಲಸ. ಗೊತ್ತಿಲ್ಲದವರು ಸಾವಿರ ಡಾಲರ್ ಕಳೆದುಕೊಳ್ಳುತ್ತಾರೆ. ಹಳೇ ಕಾರು ಅಂದ್ರೆ ಹೀಗೆ. ಎಷ್ಟೋ ದೊಡ್ಡ ಖರ್ಚಿನ ಹಿಂದೆ ಒಂದು ಸಣ್ಣ ಉದಾಸೀನ ಇರುತ್ತದೆ.

ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ. ಸ್ವಲ್ಪ ಆಮೇಲಿನ ಮಾದರಿಗಳಲ್ಲಿ ಆ ಡಿಕ್ಕಿ ತೆರೆಯುವುದು ಕರೆಂಟಿನಿಂದ. ಬ್ಯಾಟರಿ ಪೂರ್ತಿ ಸತ್ತರೆ, ಅದನ್ನು ಮುಟ್ಟಲು ಬೇಕಾದ ಬಾಗಿಲೇ ತೆರೆಯದು. ಫ್ಯೂಸ್ ಬಾಕ್ಸಿನಿಂದ ಹೊರಗೆಳೆಯುವ ಒಂದು ಕಡ್ಡಿಗೆ ಬೇರೆ ಬ್ಯಾಟರಿಯ ಕರೆಂಟು ಕೊಟ್ಟು ತೆರೆಯಬೇಕು. ತಿಂಗಳುಗಟ್ಟಲೆ ನಿಲ್ಲಿಸುವವರು ಬ್ಯಾಟರಿಗೆ ಸಣ್ಣ ಚಾರ್ಜರ್ ಹಾಕಿಯೇ ಇಡುವುದು ಒಳ್ಳೆಯದು.

ಎಂಜಿನ್ ಎಲ್ಲಿದೆ ಅಂತ ಕೇಳಿದಿರಾ? ಸೀಟಿನ ಹಿಂದೆ, ಹಿಂದಿನ ಚಕ್ರಗಳ ಮುಂದೆ. ಬಾನೆಟ್ ಎತ್ತಿದರೆ ಕಾಣುವುದಿಲ್ಲ. ಆಯಿಲ್ ಮತ್ತು ಕೂಲೆಂಟ್ ಹಾಕುವ ಬಾಯಿ ಮಾತ್ರ ಹಿಂದಿನ ಡಿಕ್ಕಿಯಲ್ಲಿ ಸಿಗುತ್ತದೆ. ಉಳಿದ ಕೆಲಸಕ್ಕೆ ಕಾರನ್ನು ಮೇಲೆತ್ತಬೇಕು, ಇಲ್ಲ ಛಾವಣಿ ಅರ್ಧ ತೆರೆದು ಮೇಲಿನಿಂದ ಕೈ ಹಾಕಬೇಕು. ಕೆಲಸ ನಿಧಾನ. ಪೋರ್ಶೆ ಬಲ್ಲ ಮೆಕಾನಿಕ್‌ನ ಕೂಲಿ ಅಮೆರಿಕಾದಲ್ಲಿ ಗಂಟೆಗೆ 150 ಡಾಲರ್ ಸುಮಾರಿನಿಂದ ಶುರು. ಒಂದು ಸಲಕ್ಕೆ ಹಿಡಿಸುವ ಆಯಿಲ್ ಸಹ ಸುಮಾರು 8-9 ಲೀಟರ್.

ಹಾಗಾದರೆ ಯಾಕೆ ತಗೊಳ್ಳಬೇಕು?

ಇಷ್ಟು ಓದಿ ಬೇಡಪ್ಪ ಅನ್ನಿಸಿದರೆ ಅದೂ ಒಂದು ಸರಿಯಾದ ಉತ್ತರ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದು ಹಗುರವಾದ್ದಲ್ಲ.

ನಾರ್ತ್ ಕ್ಯಾರೊಲೈನಾ ಮತ್ತು ವರ್ಜೀನಿಯಾದ ಬೆಟ್ಟಗಳ ನೆತ್ತಿಯ ಮೇಲೆ ಬ್ಲೂ ರಿಡ್ಜ್ ಪಾರ್ಕ್‌ವೇ ಅನ್ನೋ ರಸ್ತೆ ಇದೆ. 469 ಮೈಲಿ ಉದ್ದ. ಲಾರಿಗಳಿಗೆ ಪ್ರವೇಶವಿಲ್ಲ. ಗಂಟೆಗೆ 45 ಮೈಲಿಗಿಂತ ವೇಗವಾಗಿ ಹೋಗುವ ಹಾಗಿಲ್ಲ. ಇವತ್ತಿನ 500 ಹಾರ್ಸ್‌ಪವರ್ ಕಾರಿಗೆ ಅದು ನಿದ್ದೆಯ ವೇಗ. 2001ರ ಬಾಕ್ಸ್‌ಟರ್‌ಗೆ 217 ಹಾರ್ಸ್‌ಪವರ್, ತೂಕ 1,300 ಕಿಲೋ ಆಸುಪಾಸು. ಎಂಜಿನ್ ನಡುವೆ ಇರುವುದರಿಂದ ಭಾರ ಮುಂದಕ್ಕೂ ಇಲ್ಲ, ತೀರಾ ಹಿಂದಕ್ಕೂ ಇಲ್ಲ. ತಿರುವಿನಲ್ಲಿ ಕಾರು ನಿಮ್ಮ ಸೊಂಟದ ಸುತ್ತಲೇ ತಿರುಗಿದ ಹಾಗಿರುತ್ತದೆ. ಸ್ಟೀರಿಂಗ್‌ಗೆ ಮೋಟರ್ ಇಲ್ಲ, ಹೈಡ್ರಾಲಿಕ್. ಟಾರು ಒರಟಾಗಿದೆಯಾ, ಒದ್ದೆಯಾಗಿದೆಯಾ ಅಂತ ಬೆರಳಿಗೆ ತಿಳಿಯುತ್ತದೆ. ಕ್ಲಚ್ ಒತ್ತಿ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದಾಗ ಬೆನ್ನ ಹಿಂದೆಯೇ ಆ 6 ಸಿಲಿಂಡರಿನ ದನಿ ಏಳುತ್ತದೆ. 40 ಮೈಲಿ ವೇಗದಲ್ಲೇ ಮನಸ್ಸು ತುಂಬುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಒಳ್ಳೆಯ ಬೈಕ್ ಓಡಿಸಿದವರಿಗೆ ನಾನು ಹೇಳುತ್ತಿರುವುದು ಗೊತ್ತು. ಖುಷಿ ಇರುವುದು ವೇಗದಲ್ಲಲ್ಲ, ತಿರುವಿನಲ್ಲಿ.

ಹೊಸ ಕಾರುಗಳು ಚೆನ್ನಾಗಿವೆ, ಸುರಕ್ಷಿತವಾಗಿವೆ. ಒಪ್ಪುತ್ತೇನೆ. ಆದರೆ ಅವು ಓಡಿಸುವವನನ್ನು ರಸ್ತೆಯಿಂದ ದೂರ ಇಡುತ್ತವೆ. ಈ ತಲೆಮಾರಿನ ಕಾರುಗಳಲ್ಲಿ ಏರ್‌ಬ್ಯಾಗ್, ಎಬಿಎಸ್ ಇದ್ದವು. ನಡುವೆ ಸ್ಕ್ರೀನ್ ಬಂದು ಕೂತಿರಲಿಲ್ಲ. ಅಂಥ ಕಾಲ ತುಂಬಾ ವರ್ಷ ಇರಲಿಲ್ಲ.

ಹಣದ ಕಡೆಯಿಂದಲೂ ಒಂದು ಒಳ್ಳೆಯ ವಿಷಯ ಇದೆ. ಹೊಸ ಕಾರು ಶೋರೂಮ್ ಬಿಟ್ಟ ದಿನವೇ ಬೆಲೆ ಕಳೆದುಕೊಳ್ಳಲು ಶುರು ಮಾಡುತ್ತದೆ. 40 ಸಾವಿರದ ಹೊಸ ಕಾರು ಮೊದಲ ಐದು ವರ್ಷದಲ್ಲೇ ದೊಡ್ಡ ಪಾಲು ಕರಗಿಸುತ್ತದೆ. ಬಾಕ್ಸ್‌ಟರ್ ಇಳಿಯಬೇಕಾದಷ್ಟು ಇಳಿದಾಗಿದೆ. ಚೆನ್ನಾಗಿ ನೋಡಿಕೊಂಡರೆ ಐದು ವರ್ಷ ಆದ ಮೇಲೆ ಕೊಟ್ಟ ಬೆಲೆಯ ಹತ್ತಿರಕ್ಕೇ ಮಾರಬಹುದು. ಇದನ್ನು ಹೂಡಿಕೆ ಅಂತ ಮಾತ್ರ ತಿಳಿಯಬೇಡಿ. ರಿಪೇರಿಯ ಬಿಲ್ಲುಗಳನ್ನು ಕೂಡಿಸಿದರೆ ಲಾಭ ಉಳಿಯುವುದಿಲ್ಲ. ಲಾಭಕ್ಕಾಗಿ ಕೊಂಡವರು ಓಡಿಸದೆ ಮುಚ್ಚಿಡುತ್ತಾರೆ, ಆಗ ಬೇರಿಂಗೂ ಹೋಗುತ್ತದೆ, ಖುಷಿಯೂ ಹೋಗುತ್ತದೆ.

ಇನ್ನೂ ಒಂದಿದೆ. ಕೈ ಕೊಳೆ ಮಾಡಿಕೊಳ್ಳಲು ಇಷ್ಟವಿದ್ದರೆ ಈ ಕಾರು ಒಳ್ಳೆಯ ಮೇಷ್ಟ್ರು. ಆಯಿಲ್, ಬ್ರೇಕ್ ಪ್ಯಾಡ್, ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಇವನ್ನೆಲ್ಲ ಮನೆಯ ಗ್ಯಾರೇಜಿನಲ್ಲೇ ಕಲಿಯಬಹುದು. ಖರ್ಚು ಅರ್ಧಕ್ಕೆ ಇಳಿಯುವುದು ಇಲ್ಲಿ. ಸ್ಕ್ರೂಡ್ರೈವರ್ ಹಿಡಿಯಲು ಮನಸ್ಸಿಲ್ಲದವರು, ಇದ್ದ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗಬೇಕಾದವರು ದಯವಿಟ್ಟು ಬೇರೆ ಯೋಚಿಸಿ. ಎರಡೇ ಸೀಟು. ಮನೆಯಲ್ಲಿ ಮಗು ಇದ್ದರೆ ಇದು ಎರಡನೇ ಕಾರು ಆಗಬೇಕೇ ಹೊರತು ಮೊದಲನೆಯದಲ್ಲ. ರಿಪೇರಿಯ ಗೋಜಿಗೆ ಹೆದರುವವರಿಗೆ ನಾನು ಮಿಯಾಟಾ ಹೇಳುತ್ತೇನೆ. 1989ರಲ್ಲಿ ಬಂದಿದ್ದು. ಅದಕ್ಕೂ ಎರಡೇ ಸೀಟು, ಆದರೆ ಎಂಜಿನ್ ಮುಂದೆ ಇದೆ, ಕೈಗೆ ಸಿಗುತ್ತದೆ. ಬಿಡಿಭಾಗ ಅಗ್ಗ, ಯಾವ ಊರಿನ ಮೆಕಾನಿಕ್ ಬೇಕಾದರೂ ಮುಟ್ಟುತ್ತಾನೆ. ದನಿ ಮಾತ್ರ ಬಾಕ್ಸ್‌ಟರ್‌ನದಲ್ಲ.

ನೋಡಲು ಹೋದಾಗ

ಮೊದಲು ಬಿಲ್ಲುಗಳ ಫೈಲು ಕೇಳಿ, ಕಾರು ಆಮೇಲೆ. ಫೈಲು ದಪ್ಪಗಿದ್ದರೆ ಹೆದರಬೇಡಿ, ಅದು ಒಳ್ಳೆಯ ಲಕ್ಷಣ. ರಿಪೇರಿಯೇ ಬಂದಿಲ್ಲ ಅಂತ ಹೆಮ್ಮೆಯಿಂದ ಹೇಳಿದರೆ, ಬರಬೇಕಾದ ರಿಪೇರಿಯೆಲ್ಲ ನಿಮಗಾಗಿ ಕಾದಿದೆ ಅಂತ ತಿಳಿಯಿರಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2318 ಅಂತಿದ್ದರೆ 2018ರ 23ನೇ ವಾರ ತಯಾರಾಗಿದ್ದು. ಗೆರೆ ಎಷ್ಟೇ ಚೆನ್ನಾಗಿರಲಿ, ಆರೇಳು ವರ್ಷ ದಾಟಿದ ಟೈರು ಸ್ಪೋರ್ಟ್ಸ್ ಕಾರಿಗೆ ಬೇಡ. ನಾಲ್ಕೂ ಒಂದೇ ಕಂಪನಿಯವಾ ನೋಡಿ. ಮುಂದೆ ಒಂದು, ಹಿಂದೆ ಒಂದು ಅಗ್ಗದ ಟೈರು ಹಾಕಿದವರು ಆಯಿಲ್ ವಿಷಯದಲ್ಲೂ ಹಾಗೇ ಮಾಡಿರುತ್ತಾರೆ.

ಆಮೇಲೆ ಪೋರ್ಶೆ ಕೆಲಸ ಬಲ್ಲ, ಮಾರುವವರಿಗೆ ಸಂಬಂಧವಿಲ್ಲದ ಮೆಕಾನಿಕ್ ಹತ್ತಿರ ಕಾರನ್ನು ಮೇಲೆತ್ತಿ ನೋಡಿಸಿ. ಇದಕ್ಕೆ ಕೆಲವು ನೂರು ಡಾಲರ್ ಆಗುತ್ತದೆ. ಆಯಿಲ್ ಫಿಲ್ಟರ್ ಬಿಚ್ಚಿ, ಒಳಗಿನ ಕಾಗದದ ಮಡಿಕೆಗಳನ್ನು ಬೆಳಕಿಗೆ ಹಿಡಿಯಲು ಹೇಳಿ. ಕಬ್ಬಿಣದ ಹೊಳೆಯುವ ಪುಡಿ ಕಂಡರೆ ಥ್ಯಾಂಕ್ಸ್ ಹೇಳಿ ಮನೆಗೆ ಬನ್ನಿ. ಆ ಕೆಲವು ನೂರು ಡಾಲರ್ ಹೋಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ.

ಕೊಂಡ ಮೇಲೆ ಮೊದಲ ವರ್ಷಕ್ಕೆ 4-5 ಸಾವಿರ ಡಾಲರ್ ಬೇರೆ ಎತ್ತಿಡಿ. ಅಂದರೆ 11 ಸಾವಿರದ ಕಾರಿಗೆ ಕೈಯಲ್ಲಿ 16 ಇರಬೇಕು. 11 ಮಾತ್ರ ಇದ್ದರೆ ಇನ್ನೊಂದು ವರ್ಷ ಕಾಯಿರಿ. ವಿಮೆ ಮಾಡಿಸುವಾಗ, ಕಾರಿನ ಬೆಲೆ ಎಷ್ಟು ಅಂತ ಮೊದಲೇ ಒಪ್ಪಿ ಬರೆದುಕೊಳ್ಳುವ ಪಾಲಿಸಿ ಕೇಳಿ. ಮಾಮೂಲಿ ಪಾಲಿಸಿಯಲ್ಲಿ ಅಪಘಾತವಾದರೆ ಹಳೇ ಕಾರು ಅಂತ ಚಿಲ್ಲರೆ ಕೊಟ್ಟು ಮುಗಿಸುತ್ತಾರೆ. ಆದರೆ ಇಂಥ ಪಾಲಿಸಿಗಳು ದಿನಾ ಆಫೀಸಿಗೆ ಓಡಿಸಲು ಬಿಡುವುದಿಲ್ಲ, ಷರತ್ತು ಓದಿಕೊಳ್ಳಿ.

ಬೆಂಗಳೂರಿಗೆ ತರಬಹುದಾ?

ಇದನ್ನು ಅವನೂ ಕೇಳಿದ. ಮುಂದೆ ವಾಪಸ್ ಬರುವ ಯೋಚನೆ ಇದೆಯಲ್ಲ. ಉತ್ತರ ಚಿಕ್ಕದು: ಆಗುವುದಿಲ್ಲ. ನಮ್ಮ ದೇಶಕ್ಕೆ ತರುವ ಬಳಸಿದ ಕಾರು ತಯಾರಾಗಿ 3 ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ದಶಕಗಳಷ್ಟು ಹಳೆಯ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಇದೆ, 2001ರ ಕಾರು ಅದರೊಳಗೆ ಬರುವುದಿಲ್ಲ.

ಇಲ್ಲೇ ಹೊಸದಾಗಿ ಮಾರಾಟವಾಗಿ ಈಗ ಹಳೆಯದಾದ ಇಂಪೋರ್ಟೆಡ್ ಕಾರುಗಳು ಸಿಗುತ್ತವೆ. ಅವಕ್ಕೆ 15 ವರ್ಷ ತುಂಬಿದ ಮೇಲೆ ಆರ್‌ಟಿಓದಲ್ಲಿ ನೋಂದಣಿ ಮುಂದುವರಿಸಬೇಕು. 2022ರ ಏಪ್ರಿಲ್‌ನಿಂದ ಮಾಮೂಲಿ ಕಾರಿಗೆ ಇದರ ಶುಲ್ಕ 5,000 ರೂಪಾಯಿ, ಇಂಪೋರ್ಟೆಡ್ ಕಾರಿಗೆ 40,000. 2025ರಲ್ಲಿ ಬಂದ ತಿದ್ದುಪಡಿಯಂತೆ 20 ವರ್ಷ ದಾಟಿದ ಇಂಪೋರ್ಟೆಡ್ ಕಾರಿಗೆ 80,000. ಬಿಡಿಭಾಗ ಹೊರಗಿನಿಂದ ತರಿಸಬೇಕು, ಅದರ ಮೇಲೆ ಸುಂಕ, ಜೊತೆಗೆ ವಾರಗಟ್ಟಲೆ ಕಾಯುವುದು. ಇನ್ನು ನಮ್ಮ ಹಂಪುಗಳು. ನೆಲಕ್ಕೆ ಅಷ್ಟು ಹತ್ತಿರ ಕೂತ ಕಾರಿಗೆ ಬಡಾವಣೆಯ ಒಂದೊಂದು ಹಂಪೂ ಒಂದೊಂದು ಪರೀಕ್ಷೆ. ಓಡಿಸುವ ಜಾಗ ಅಂದ್ರೆ ಭಾನುವಾರ ಬೆಳಗ್ಗೆ 6ಕ್ಕೆ ಹೆದ್ದಾರಿ. ಇಷ್ಟಾದರೂ ಇಲ್ಲಿ ಇಂಥ ಕಾರುಗಳನ್ನು ಜೋಪಾನವಾಗಿ ಉಳಿಸಿಕೊಂಡವರಿದ್ದಾರೆ. ಅವರ ತಾಳ್ಮೆಗೆ ನನ್ನ ದೊಡ್ಡ ನಮಸ್ಕಾರ.

ಹುಡುಗ ಎರಡು ದಿನ ಅಲ್ಲ, ಎರಡು ವಾರ ಕಾದ. ಕಾರು ನೋಡಿಬಂದ. ಆಯಿಲ್ ಬಿಲ್ಲುಗಳು ಕ್ರಮವಾಗಿದ್ದವು, ಸುಮಾರು 5 ಸಾವಿರ ಮೈಲಿಗೊಂದು. ಫಿಲ್ಟರ್ ಶುದ್ಧವಾಗಿತ್ತು. ಟೈರು ಮಾತ್ರ 10 ವರ್ಷ ಹಳೇದು, ಬೇರಿಂಗ್ ಬದಲಿಸಿದ ಬಿಲ್ಲು ಇರಲಿಲ್ಲ. ಅದನ್ನೇ ಮುಂದಿಟ್ಟು ಕೇಳಿದಾಗ ಮಾರುವವರು 9 ಸಾವಿರಕ್ಕೆ ಬಂದರು. ಚಾಸಿಸ್ ನಂಬರಿನ ಫೋಟೋ ಕಳಿಸಿದ್ದಾನೆ, 11ನೇ ಅಕ್ಷರ ಯು.

ಬರುವ ಶನಿವಾರ ಗೇರ್‌ಬಾಕ್ಸ್ ಇಳಿಸುತ್ತಾರಂತೆ. ಹಳೇ ಬೇರಿಂಗ್ ಹೊರಗೆ ಬಂದ ಕೂಡಲೇ ಬೆರಳಲ್ಲಿ ತಿರುಗಿಸಿ ನೋಡು, ಹೇಗಿದೆ ಹೇಳು ಅಂದಿದ್ದೇನೆ. ಅಲ್ಲಿ ಬೆಳಗ್ಗೆ 10 ಅಂದರೆ ನಮಗೆ ರಾತ್ರಿ. ಫೋನ್ ಬರುವವರೆಗೂ ಎದ್ದಿರುತ್ತೇನೆ.